ಕವಲೊಡೆದ ಕೂದಲೂ ಮನೆಯ ಕತ್ತರಿಯೂ

ಕೂದಲಿನ ತುದಿ ಸೀಳುವುದು ಈಚಿನ ಕಾಲದ ಪಿಡುಗು, ಶಾಂಪೂ ಬಂದ ಮೇಲೆ ಹುಟ್ಟಿದ್ದು, ಊರು ಬಿಟ್ಟು ಪಟ್ಟಣ ಸೇರಿದ ಮೇಲೆ ಅಂಟಿಕೊಂಡದ್ದು ಎಂದು ನಮ್ಮ ಮನೆಗಳ ಹಿರಿಯರು ಹೇಳುತ್ತ ಬಂದಿದ್ದಾರೆ. 'ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?' ಎಂಬುದು ಅವರ ಪ್ರಶ್ನೆ. ಎಣ್ಣೆಯ ಜಿಡ್ಡು, ಸೀಗೆಪುಡಿಯ ಉರಿ ಇವು ಯಾರಿಗೆ ಬೇಕು ಎಂಬುದು ಮೊಮ್ಮಕ್ಕಳ ಮರುಪ್ರಶ್ನೆ. ಭಾನುವಾರ ಬೆಳಿಗ್ಗೆ ಹೊರನಾಡ ಕನ್ನಡಿಗರ ಎಷ್ಟೋ ಮನೆಗಳಲ್ಲಿ, ನಲ್ಲಿಯಲ್ಲಿ ನೀರು ನಿಲ್ಲುವ ಮೊದಲೇ ಈ ವಾದ ಒಂದು ಸುತ್ತು ಮುಗಿದಿರುತ್ತದೆ. ಇದರಲ್ಲಿ ನ್ಯಾಯ ಯಾರ ಕಡೆ ಇದೆ ಎಂದು ಚರಿತ್ರೆಯನ್ನು ಕೇಳಿದರೆ ಅದು ಯಾರ ಕಡೆಗೂ ಪೂರ್ತಿ ವಾಲುವುದಿಲ್ಲ. ಅಷ್ಟೇ ಅಲ್ಲ, ನಾವು ಸಾಮಾನ್ಯವಾಗಿ ಮಾತಿಗೆ ತರದ ಇನ್ನೊಂದು ವಸ್ತುವಿನ ಕಡೆ, ಅಂದರೆ ಕತ್ತರಿಯ ಕಡೆ, ಅದು ಬೆರಳು ತೋರಿಸುತ್ತದೆ.

ಮೊದಲಿಗೆ, ಸೀಳುಕೂದಲು ಹೊಸ ರೋಗವಲ್ಲ ಎಂಬುದಕ್ಕೆ ಸಾಕ್ಷಿಯಿದೆ. 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 'ಮೈಕ್ರೊಗ್ರಾಫಿಯಾ' ಎಂಬ ಗ್ರಂಥವನ್ನು ಪ್ರಕಟಿಸಿದ. ಚಿಗಟ, ನೊಣದ ಕಣ್ಣು, ಬೆಂಡಿನ ತುಂಡು ಮೊದಲಾದವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಂಡದ್ದನ್ನು ಚಿತ್ರ ಸಮೇತ ವಿವರಿಸಿದ ಪುಸ್ತಕ ಅದು. ಜೀವಕೋಶಕ್ಕೆ ಇಂಗ್ಲಿಷಿನಲ್ಲಿ 'ಸೆಲ್' ಎಂಬ ಹೆಸರು ಬಂದದ್ದೂ ಅದೇ ಪುಸ್ತಕದಿಂದ. ಅದರಲ್ಲಿ ಮನುಷ್ಯನ ಕೂದಲಿಗೂ ಒಂದು ಅಧ್ಯಾಯವಿದೆ. ಉದ್ದ ಕೂದಲಿನ ತುದಿ ಸೀಳಿರುವುದು ಸಾಮಾನ್ಯವೆಂದೂ, ಆ ತುದಿ ಬಡಿದು ಜಜ್ಜಿದ ಕೋಲಿನ ತುದಿಯಂತೆ ಕಾಣುತ್ತದೆಂದೂ, ಸೀಳುಗಳು ಎರಡೇ ಅಲ್ಲ, ಕೆಲವೊಮ್ಮೆ ಹತ್ತಕ್ಕೂ ಮಿಕ್ಕಿರುತ್ತವೆಂದೂ ಹುಕ್ ಬರೆದಿದ್ದಾನೆ. ಆಗ ಶಾಂಪೂ ಇರಲಿಲ್ಲ. ಕೂದಲು ಒಣಗಿಸುವ ವಿದ್ಯುತ್ ಯಂತ್ರ ಇರಲಿಲ್ಲ. ವಿದ್ಯುತ್ತೇ ಮನೆಗೆ ಬಂದಿರಲಿಲ್ಲ. ಆದರೂ ಕೂದಲು ಸೀಳುತ್ತಿತ್ತು. ವೈದ್ಯರು ಇದಕ್ಕೆ ಇಟ್ಟ ಹೆಸರು 'ಟ್ರೈಕೊಪ್ಟಿಲೋಸಿಸ್'. ಗ್ರೀಕ್ ಭಾಷೆಯ ಕೂದಲು ಮತ್ತು ಗರಿ ಎಂಬ ಎರಡು ಶಬ್ದಗಳು ಕೂಡಿ ಆದ ಪದವಿದು. ನಮ್ಮವರು ಹೇಳುವ 'ಕವಲೊಡೆದ ಕೂದಲು' ಎಂಬ ಮಾತೇ ಇದಕ್ಕಿಂತ ಸರಳವಾಗಿದೆ, ಅಂದವಾಗಿಯೂ ಇದೆ.

ಮಂಗಳೂರು ಹೆಂಚಿನ ಮಾಡು

ಕೂದಲು ಏಕೆ ಸೀಳುತ್ತದೆ ಎಂದು ತಿಳಿಯಲು ಅದರ ರಚನೆಯನ್ನು ಸ್ವಲ್ಪ ನೋಡಬೇಕು. ಚರ್ಮದಿಂದ ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಜೀವವಿರುವುದು ಬುಡದಲ್ಲಿ ಮಾತ್ರ. ಉಳಿದದ್ದು ಕೆರಟಿನ್ ಎಂಬ ಪ್ರೋಟೀನಿನ ಎಳೆ. ನಮ್ಮ ಉಗುರು, ದನದ ಕೊಂಬು, ಕುರಿಯ ಉಣ್ಣೆ ಎಲ್ಲವೂ ಇದೇ ಜಾತಿಯವು. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ, ಉಣ್ಣೆಯ ಗಿರಣಿಗಳ ನಡುವೆ, ವಿಲಿಯಂ ಆಸ್ಟ್‌ಬರಿ ಎಂಬುವರು ಉಣ್ಣೆ ಮತ್ತು ಕೂದಲಿನ ಮೂಲಕ ಎಕ್ಸ್ ಕಿರಣ ಹಾಯಿಸಿ, ಕೂದಲನ್ನು ಎಳೆದಾಗ ಅದರ ಒಳರಚನೆ ಬದಲಾಗುವುದನ್ನು ತೋರಿಸಿಕೊಟ್ಟರು. 1951ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು, ಈ ಬಗೆಯ ಪ್ರೋಟೀನಿನ ಸರಪಳಿ ಸುರುಳಿ ಸುತ್ತಿಕೊಂಡಿರುತ್ತದೆ ಎಂದು ವಿವರಿಸಿದರು. ಅಂಥ ಸುರುಳಿಗಳು ಒಂದಕ್ಕೊಂದು ಹೆಣೆದು, ಹುರಿಗಳಾಗಿ, ಹುರಿಗಳ ಕಟ್ಟುಗಳಾಗಿ ಕೂದಲಿನ ಒಡಲು ಆಗಿದೆ. ತೆಂಗಿನ ನಾರಿನ ಹಗ್ಗವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹಗ್ಗದ ಮೇಲೆ ಒಂದು ಹೊದಿಕೆಯಿದೆ. ನಮ್ಮ ಕರಾವಳಿಯ ಮನೆಗಳ ಮೇಲೆ ಮಂಗಳೂರು ಹೆಂಚನ್ನು ಹೊದಿಸುವಂತೆ, ತೆಳ್ಳನೆಯ ಚಕ್ಕೆಗಳು ಒಂದರ ಮೇಲೊಂದು ಅರ್ಧರ್ಧ ಕುಳಿತಿರುತ್ತವೆ. ಹೆಂಚಿನ ಇಳಿಜಾರು ಬುಡದಿಂದ ತುದಿಯ ಕಡೆಗೆ. ಹೆಂಚು ಗಟ್ಟಿಯಾಗಿರುವವರೆಗೆ ಮನೆಯೊಳಗೆ ನೀರು ಸೋರುವುದಿಲ್ಲ, ಜಂತಿ ಕೊಳೆಯುವುದಿಲ್ಲ. ಹೆಂಚು ಸರಿದರೆ, ಒಡೆದರೆ, ಒಳಗಿನ ಮರಮುಟ್ಟಿಗೆ ಕುತ್ತು. ಕೂದಲಿನದೂ ಹಾಗೆಯೇ. ಮೇಲಿನ ಚಕ್ಕೆಗಳು ಸವೆದುಹೋದಾಗ ಒಳಗಿನ ಹುರಿಗಳು ಹೊರಗೆ ಬೀಳುತ್ತವೆ, ಬಿಚ್ಚಿಕೊಳ್ಳುತ್ತವೆ. ಅದೇ ಕವಲು.

ಇಷ್ಟಾದರೂ ತುದಿಯೇ ಏಕೆ ಸೀಳಬೇಕು? ಅದಕ್ಕೆ ಕಾರಣ ವಯಸ್ಸು. ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರಿನಿಂದ ಒಂದೂಕಾಲು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ವರ್ಷಕ್ಕೆ ಸುಮಾರು 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ. ಸೊಂಟದವರೆಗೆ, 75 ಸೆಂಟಿಮೀಟರ್ ಉದ್ದದ ಜಡೆಯಿರುವ ಹುಡುಗಿಯ ಕೂದಲ ತುದಿಗೆ ಐದು ವರ್ಷ ವಯಸ್ಸು. ಐದು ವರ್ಷದ ಬಿಸಿಲು, ನೀರು, ಬಾಚಣಿಗೆ, ಟವೆಲು, ರಿಬ್ಬನ್ನು ಎಲ್ಲವನ್ನೂ ಆ ತುದಿ ಕಂಡಿದೆ. ಬುಡದ ಕೂದಲು ನಿನ್ನೆ ಮೊನ್ನೆ ಹುಟ್ಟಿದ್ದು. ಒಂದರ್ಥದಲ್ಲಿ ಪ್ರತಿಯೊಂದು ಜಡೆಯೂ ಒಂದು ಚರಿತ್ರೆಯ ಪುಸ್ತಕ. ಅದರ ಅತಿ ಹಳೆಯ ಪುಟ ಎಲ್ಲಕ್ಕಿಂತ ಕೆಳಗಿದೆ.

ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ಜೀವವಿಲ್ಲದ ವಸ್ತು ತಾನಾಗಿ ಕೂಡಿಕೊಳ್ಳುವುದಿಲ್ಲ. ಕೈಗೆ ಗಾಯವಾದರೆ ಮಾಯುತ್ತದೆ. ಸೀಳಿದ ಕೂದಲು ಮಾಯುವುದಿಲ್ಲ. ಯಾವ ಎಣ್ಣೆಯೂ, ಯಾವ ಲೇಪವೂ, ಯಾವ ಸೀಸೆಯ ಔಷಧಿಯೂ ಅದನ್ನು ಖಾಯಂ ಆಗಿ ಬೆಸೆಯಲಾರದು. ಕೆಲವು ಲೇಪಗಳು ಅಂಟಿನಂತೆ ಹಿಡಿದಿಟ್ಟು ಒಂದೆರಡು ದಿನ ಮರೆಮಾಚುತ್ತವೆ. ಮುಂದಿನ ತಲೆಸ್ನಾನಕ್ಕೆ ಗುಟ್ಟು ರಟ್ಟಾಗುತ್ತದೆ.

ಸೀಗೆಯ ಕಾಲ

ಹಾಗಾದರೆ ನಮ್ಮ ಹಿರಿಯರ ಪದ್ಧತಿಯಲ್ಲಿ ಏನಿತ್ತು? ಹೆಂಗಸರಿಗೆ ವಾರಕ್ಕೊಮ್ಮೆ, ಮಂಗಳವಾರ ಅಥವಾ ಶುಕ್ರವಾರ, ಎಣ್ಣೆನೀರು. ಉತ್ತರ ಕರ್ನಾಟಕದ ಕಡೆ 'ಎರಕೊಳ್ಳುವುದು' ಎನ್ನುತ್ತಾರೆ. ಕರಾವಳಿಯಲ್ಲಿ ತೆಂಗಿನೆಣ್ಣೆ, ಒಳನಾಡಿನಲ್ಲಿ ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ. ತಲೆಗೆ ಚೆನ್ನಾಗಿ ತಿಕ್ಕಿ, ನೆನೆಯಲು ಬಿಟ್ಟು, ಹಂಡೆಯ ನೀರಿನಲ್ಲಿ ಸೀಗೆಪುಡಿ, ಅಂಟುವಾಳ, ಚಿಗರೆಪುಡಿ ಹಾಕಿ ತೊಳೆಯುವುದು. ಸೀಗೆಯ ಜೊತೆಗೆ ಮೆಂತ್ಯ, ಹೆಸರುಕಾಳು, ಒಣಗಿಸಿದ ನಿಂಬೆ ಸಿಪ್ಪೆ ಸೇರಿಸಿ ಗಿರಣಿಗೆ ಕೊಡುವ ಮನೆಗಳಿದ್ದವು. ದಕ್ಷಿಣ ಕನ್ನಡದ ಕಡೆ ದಾಸವಾಳದ ಎಲೆಯನ್ನು ಕಿವುಚಿ ಲೋಳೆ ತೆಗೆದು 'ಗೊಂಪು' ಮಾಡುತ್ತಿದ್ದರು. ಮಹಾರಾಷ್ಟ್ರದಲ್ಲಿ ನೆಲೆಸಿದ ನಮಗೆ ಸೀಗೆಯು ಶಿಕೇಕಾಯಿಯಾಗಿ, ಅಂಟುವಾಳವು ರಿಠಾ ಆಗಿ ಪರಿಚಯವಾಯಿತು. ಅಂಗಡಿಯ ಹೆಸರು ಬದಲಾಯಿತು, ಕಾಯಿ ಅದೇ.

ಈ ಪದ್ಧತಿಯ ಹಿಂದೆ ಗಟ್ಟಿ ಕಾರಣಗಳಿದ್ದವು. ಸೀಗೆ ಮತ್ತು ಅಂಟುವಾಳದಲ್ಲಿ ಸಪೋನಿನ್ ಎಂಬ ನೊರೆ ಕೊಡುವ ಅಂಶವಿದೆ. ಅದು ಕೊಳೆಯನ್ನು ತೆಗೆಯುತ್ತದೆ, ಆದರೆ ಜಿಡ್ಡನ್ನೆಲ್ಲ ಬಾಚಿಕೊಂಡು ಹೋಗುವಷ್ಟು ಕಟುವಲ್ಲ. ಸೀಗೆಯ ನೀರು ಸ್ವಲ್ಪ ಹುಳಿ ಗುಣದ್ದು. ಹುಳಿ ಗುಣದ ನೀರಿನಲ್ಲಿ ಕೂದಲಿನ ಹೆಂಚುಗಳು ಅಡಗಿ ಕುಳಿತುಕೊಳ್ಳುತ್ತವೆ. ಕ್ಷಾರ ಗುಣದ ನೀರಿನಲ್ಲಿ ಅವು ಎದ್ದು ನಿಲ್ಲುತ್ತವೆ. ಎಣ್ಣೆಯ ವಿಷಯಕ್ಕೂ ಪ್ರಯೋಗಶಾಲೆಯ ಬೆಂಬಲ ಸಿಕ್ಕಿದೆ. 2003ರಲ್ಲಿ ತೆಂಗಿನೆಣ್ಣೆಯನ್ನೇ ಮಾರುವ ಮುಂಬಯಿಯ ಒಂದು ಕಂಪನಿಯ ಸಂಶೋಧಕರಾದ ರೇಲೆ ಮತ್ತು ಮೊಹಿಲೆ ಎಂಬುವರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನು ಕೂದಲಿಗೆ ಹಚ್ಚಿ ಹೋಲಿಸಿದರು. ತೊಳೆದಾಗ, ಬಾಚಿದಾಗ ಕೂದಲಿನಿಂದ ಪ್ರೋಟೀನು ಸವೆದುಹೋಗುವುದನ್ನು ಗಮನಾರ್ಹವಾಗಿ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಅಣುಗಳು ಚಿಕ್ಕವು, ನೇರವಾದವು. ಆದ್ದರಿಂದ ಕೂದಲಿನ ಒಡಲೊಳಗೆ ಇಳಿಯಬಲ್ಲವು ಎಂದು ಅವರು ವಿವರಿಸಿದರು. ವ್ಯಾಪಾರಿಯ ಮಾತು ಎಂದು ಸ್ವಲ್ಪ ಸೋಸಿಕೊಂಡು ಕೇಳಿದರೂ, ತಲೆಸ್ನಾನಕ್ಕೆ ಮೊದಲು ಎಣ್ಣೆ ಹಚ್ಚುವ ಅಜ್ಜಿಯ ಕ್ರಮಕ್ಕೆ ಇದು ಒಳ್ಳೆಯ ಪುರಾವೆ.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಒದ್ದೆ ಕೂದಲನ್ನು ಒರಟು ಪಂಚೆಯಿಂದ ಬಡಿದು ಝಾಡಿಸುವುದು, ಸಿಕ್ಕನ್ನು ಸೀರಣಿಗೆಯಿಂದ ಬುಡದಿಂದಲೇ ಎಳೆಯುವುದು, ಒಣಗುವ ಮೊದಲೇ ಬಿಗಿದು ತುರುಬು ಕಟ್ಟುವುದು, ಸುಡುವ ನೀರು ಹೊಯ್ಯುವುದು ಇವೂ ಆ ಕಾಲದವೇ. ಒದ್ದೆ ಕೂದಲು ಒಣ ಕೂದಲಿಗಿಂತ ದುರ್ಬಲ. ಎಳೆದರೆ ರಬ್ಬರಿನಂತೆ ಹಿಗ್ಗಿ ಹರಿಯುತ್ತದೆ. ಮದುವೆ ಮುಂಜಿಗಳಲ್ಲಿ ಪುಟ್ಟ ಹುಡುಗಿಯರ ತಲೆಗೆ ಚೌರಿ ಸೇರಿಸಿ, ಬಿಗಿದು, ಮೊಗ್ಗಿನ ಜಡೆಯ ಭಾರ ಹೇರಿ ಫೋಟೋ ತೆಗೆಸುವ ಸಂಭ್ರಮದಲ್ಲಿ ಎಷ್ಟು ಕೂದಲು ತುಂಡಾದವೋ ಲೆಕ್ಕ ಇಟ್ಟವರಿಲ್ಲ.

ಚಂಪಿಯಿಂದ ಶಾಂಪೂ

ಇನ್ನು ಆಪಾದಿತನಾದ ಶಾಂಪೂವಿನ ಕಡೆ ಬರೋಣ. ಈ ಪದ ನಮ್ಮ ದೇಶದ್ದೇ. ಹಿಂದಿಯಲ್ಲಿ ಒತ್ತು, ಅಮುಕು ಎಂಬ ಅರ್ಥದ 'ಚಾಂಪೋ' ಎಂಬ ಮಾತಿನಿಂದ ಇಂಗ್ಲಿಷಿನ ಶಾಂಪೂ ಹುಟ್ಟಿತು. ಅದನ್ನು ಅಲ್ಲಿ ಪ್ರಸಿದ್ಧಗೊಳಿಸಿದಾತ 1759ರಲ್ಲಿ ಪಟ್ನಾದಲ್ಲಿ ಜನಿಸಿದ ದೀನ್ ಮಹಮದ್. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಬೆಳೆದು, ಐರ್ಲೆಂಡಿಗೆ ಹೋಗಿ, 1794ರಲ್ಲಿ ಇಂಗ್ಲಿಷಿನಲ್ಲಿ ತನ್ನ ಪ್ರವಾಸದ ಪುಸ್ತಕ ಪ್ರಕಟಿಸಿದ. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಮನೆ ತೆರೆದು ಕೈ ಸುಟ್ಟುಕೊಂಡ. ಕೊನೆಗೆ ಸಮುದ್ರತೀರದ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಗೃಹ ಸ್ಥಾಪಿಸಿ, ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳಿಗೇ ಮೈ ಒತ್ತುವ ಅಧಿಕೃತ ಸ್ಥಾನ ಪಡೆದ. ಹೊಟ್ಟೆಪಾಡಿಗಾಗಿ ಪರವೂರಿಗೆ ಹೋಗಿ, ತನ್ನೂರಿನ ಒಂದು ವಿದ್ಯೆಯನ್ನೇ ಬಂಡವಾಳ ಮಾಡಿಕೊಂಡ ಈ ಮನುಷ್ಯ ನಮ್ಮಂಥವರಿಗೆ ದೂರದ ನೆಂಟನಂತೆ ಕಾಣಬೇಕು. ಅವನ ಶಾಂಪೂ ಎಂದರೆ ಅಂಗಮರ್ದನ. ಅದು ತಲೆ ತೊಳೆಯುವುದಕ್ಕೆ ಅನ್ವಯವಾದದ್ದು ಆಮೇಲೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಆ ನಡುವೆ ಬಂದದ್ದು ಸಾಬೂನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನವು ಗಂಧದೆಣ್ಣೆಯ ಕಾರ್ಖಾನೆಯನ್ನೂ ಅದರ ಬೆನ್ನಿಗೇ ಸಾಬೂನಿನ ಕಾರ್ಖಾನೆಯನ್ನೂ ಆರಂಭಿಸಿತು; ಮೈಸೂರು ಸ್ಯಾಂಡಲ್ ಸಾಬೂನು ಇಂದಿಗೂ ನಮ್ಮ ಅಭಿಮಾನದ ವಸ್ತು. ಮೈಗೆ ಸಾಬೂನು ಸರಿ. ಆದರೆ ಸೀಗೆ ಕುಟ್ಟುವ ತಾಪತ್ರಯವಿಲ್ಲವೆಂದು ಅದೇ ಬಿಲ್ಲೆಯನ್ನು, ಕೆಲವು ಮನೆಗಳಲ್ಲಿ ಬಟ್ಟೆಯ ಸಾಬೂನನ್ನೂ, ತಲೆಗೆ ಉಜ್ಜಿದಾಗ ಕೂದಲಿಗೆ ಸಂಕಟ ಶುರುವಾಯಿತು. ಸಾಬೂನು ಕ್ಷಾರ ಗುಣದ್ದು, ಹೆಂಚುಗಳನ್ನು ಎಬ್ಬಿಸುತ್ತದೆ. ಮೇಲಾಗಿ ಗಡಸು ನೀರಿನಲ್ಲಿರುವ ಸುಣ್ಣದ ಅಂಶದೊಡನೆ ಸೇರಿ ಬಿಳಿಯ ಗಷ್ಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ.

ಇಲ್ಲಿ ಊರೂರಿನ ನೀರಿನ ಮಾತು ಬಂತು. ಮುಂಬಯಿಗೆ 1860ರಲ್ಲಿ ವಿಹಾರ್ ಕೆರೆಯಿಂದ, 1892ರಲ್ಲಿ ತಾನ್ಸಾದಿಂದ ನೀರು ಬಂತು. ಮಳೆಯ ಕೆರೆಯ ನೀರು ಮೃದು. ಅದರಲ್ಲಿ ಸಾಬೂನು ಅಷ್ಟಾಗಿ ಮೊಂಡು ಹಿಡಿಯುವುದಿಲ್ಲ. ಆದರೆ ಚೆನ್ನೈ, ಹೈದರಾಬಾದುಗಳ ಕೊಳವೆಬಾವಿಯ ಮನೆಗಳಲ್ಲಿ, ಟ್ಯಾಂಕರಿನ ನೀರನ್ನೇ ನಂಬಿದ ಹೊಸ ಬಡಾವಣೆಗಳಲ್ಲಿ, ಕಥೆ ಬೇರೆ. 'ಊರ ನೀರು ಕೂದಲಿಗೆ ಒಗ್ಗಲಿಲ್ಲ' ಎಂಬ ನಮ್ಮ ತಾಯಂದಿರ ದೂರು ಎಲ್ಲ ಸಂದರ್ಭದಲ್ಲೂ ಬರಿಯ ತವರಿನ ಹಂಬಲವಾಗಿರಲಿಲ್ಲ. ಅದರಲ್ಲಿ ರಸಾಯನಶಾಸ್ತ್ರವೂ ಇತ್ತು.

ಸಾಬೂನಿನ ಈ ದೋಷವನ್ನು ನೀಗಲೆಂದೇ ಸಂಶ್ಲೇಷಿತ ಶಾಂಪೂ ಹುಟ್ಟಿತು. 1934ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 'ಡ್ರೀನ್' ಎಂಬ ಶಾಂಪೂವನ್ನು ಮಾರುಕಟ್ಟೆಗೆ ತಂದಿತು. ಗಡಸು ನೀರಿನಲ್ಲೂ ಗಷ್ಟು ಕಟ್ಟದೆ ನೊರೆ ಬರುವುದು ಅದರ ಹೆಚ್ಚುಗಾರಿಕೆ. ಬ್ರಿಟನ್ನಿನಲ್ಲಿ 1954ರಲ್ಲಿ ಬಂದ ಸನ್‌ಸಿಲ್ಕ್ 1964ರಲ್ಲಿ ಭಾರತಕ್ಕೆ ಬಂತು. ಆದರೂ ಅದು ಸೀಸೆಯಲ್ಲಿ ಬರುವ ಶ್ರೀಮಂತರ ವಸ್ತುವೇ ಆಗಿತ್ತು. ಅದನ್ನು ಬಡವರ ಗೂಡಂಗಡಿಗೆ ಇಳಿಸಿದವರು ತಮಿಳುನಾಡಿನ ಕಡಲೂರಿನವರು. ಚಿನ್ನಿಕೃಷ್ಣನ್ ಎಂಬುವರು ಶಾಂಪೂವನ್ನು ಪುಟ್ಟ ಪೊಟ್ಟಣದಲ್ಲಿ ತುಂಬುವ ದಾರಿ ಹಾಕಿದರು, ಅವರ ಮನೆಯವರು 'ವೆಲ್ವೆಟ್' ಹೆಸರಿನಲ್ಲಿ ಅದನ್ನು ಮುಂದುವರಿಸಿದರು, ಮಗ ಸಿ. ಕೆ. ರಂಗನಾಥನ್ 1983ರಲ್ಲಿ 'ಚಿಕ್' ಶಾಂಪೂ ಆರಂಭಿಸಿದರು. ಆಮೇಲೆ ಸೀಗೆ ಬೆಳೆಯುವ ಮಲೆನಾಡಿನ ಅಂಗಡಿಗಳಲ್ಲೂ ಪೊಟ್ಟಣಗಳ ಸರ ಜೋತಾಡತೊಡಗಿತು.

ಆದ್ದರಿಂದ ಹಿರಿಯರ ಆಪಾದನೆ ಅರ್ಧ ಮಾತ್ರ ನಿಜ. ಶಾಂಪೂ ಸಾಬೂನಿಗಿಂತ ಕೂದಲಿಗೆ ಮೃದುವಾದದ್ದೇ. ಕೆಟ್ಟದ್ದು ಲೆಕ್ಕ. ವಾರಕ್ಕೊಮ್ಮೆ ಎಣ್ಣೆಯ ಕವಚ ತೊಟ್ಟು ನೀರಿಗಿಳಿಯುತ್ತಿದ್ದ ಕೂದಲು ಈಗ ದಿನ ಬಿಟ್ಟು ದಿನ ಬರಿಮೈಯಲ್ಲಿ ಇಳಿಯುತ್ತದೆ. ಹೋದ ಜಿಡ್ಡನ್ನು ತುಂಬಿಕೊಡುವವರಿಲ್ಲ.

ಶಾಂಪೂವಿಗಿಂತ ದೊಡ್ಡ ಅಪರಾಧಿ ಬೆಂಕಿ. 1872ರಲ್ಲಿ ಪ್ಯಾರಿಸಿನ ಮಾರ್ಸೆಲ್ ಗ್ರಾಟೋ ಎಂಬ ಕ್ಷೌರಿಕ ಕಾದ ಇಕ್ಕಳದಿಂದ ಕೂದಲಿಗೆ ಅಲೆ ಮೂಡಿಸುವ ವಿದ್ಯೆ ಕಂಡುಹಿಡಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿದ್ದ ಜರ್ಮನ್ ಕ್ಷೌರಿಕ ಕಾರ್ಲ್ ನೆಸ್ಲರ್ ಕ್ಷಾರದ್ರವ ಮತ್ತು ಶಾಖ ಎರಡನ್ನೂ ಸೇರಿಸಿ ತಿಂಗಳುಗಟ್ಟಲೆ ಉಳಿಯುವ ಗುಂಗುರು ತಂದ. ಇಂದು ನಮ್ಮ ಹುಡುಗಿಯರು ಗುಂಗುರನ್ನು ನೆಟ್ಟಗೆ ಮಾಡಿಸಿಕೊಳ್ಳುತ್ತಾರೆ, ನೆಟ್ಟಗಿದ್ದವರು ಗುಂಗುರು ಮಾಡಿಸಿಕೊಳ್ಳುತ್ತಾರೆ. ಇಲ್ಲದ್ದರ ಆಸೆ ಮನುಷ್ಯನಿಗೆ ಸಹಜ. ಆದರೆ ಇಸ್ತ್ರಿಪೆಟ್ಟಿಗೆಯಷ್ಟು ಕಾದ ಲೋಹ ಕೂದಲಿಗೆ ತಾಗಿದಾಗ, ಅದೂ ಒದ್ದೆಯಾಗಿದ್ದಾಗ, ಒಳಗಿನ ನೀರು ಕುದಿದು ಹೊದಿಕೆಯನ್ನು ಒಡೆದು ಹೊರಬರುತ್ತದೆ. ಅನಂತರ ಕವಲೊಡೆಯಲು ಬಾಚಣಿಗೆಯ ಒಂದು ಎಳೆತ ಸಾಕು.

ಕತ್ತರಿಯ ಭಯ

ಈಗ ಕತ್ತರಿಯ ಮಾತಿಗೆ ಬರೋಣ. ಸೀಳಿದ ತುದಿಗೆ ಇರುವ ಏಕೈಕ ಮದ್ದು ಅದನ್ನು ಕತ್ತರಿಸುವುದು. ಹಾಗೇ ಬಿಟ್ಟರೆ ಸೀಳು ಮೇಲಕ್ಕೆ ಹರಿದು, ಇನ್ನಷ್ಟು ಉದ್ದ ಹಾಳಾಗುತ್ತದೆ. ಇದು ಇಷ್ಟು ಸರಳ. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೂದಲಿಗೆ ಕತ್ತರಿ ತಾಗಿಸುವುದು ತಲೆಮಾರುಗಳ ಕಾಲ ನಿಷಿದ್ಧವಾಗಿತ್ತು. ಶುಕ್ರವಾರ ಬೇಡ, ಸಂಜೆ ಬೇಡ, ಮುತ್ತೈದೆಗೆ ಬೇಡವೇ ಬೇಡ. ದೇವರಿಗೆ ಮುಡಿ ಕೊಡುವಾಗ ಮಾತ್ರ ವಿನಾಯಿತಿ. ಏಕೆ ಎಂದು ಕೇಳಿದರೆ 'ಅಪಶಕುನ' ಎಂಬಷ್ಟೇ ಉತ್ತರ. ಆ ಒಂದು ಪದದ ಹಿಂದೆ ಇದ್ದ ಚರಿತ್ರೆ ನೋವಿನದು.

ಕೆಲವು ಜಾತಿಗಳಲ್ಲಿ, ಮುಖ್ಯವಾಗಿ ಬ್ರಾಹ್ಮಣ ಕುಟುಂಬಗಳಲ್ಲಿ, ಗಂಡ ಸತ್ತ ಹೆಣ್ಣಿನ ತಲೆ ಬೋಳಿಸುವ ಪದ್ಧತಿಯಿತ್ತು. ಹತ್ತು ಹನ್ನೆರಡು ವಯಸ್ಸಿನ ಬಾಲೆಯರೂ ಇದಕ್ಕೆ ಹೊರತಾಗಿರಲಿಲ್ಲ. ಮೈನೆರೆದ ಮೇಲೆ ಅವರ ಕೂದಲೂ ಹೋಗುತ್ತಿತ್ತು. ಹೆಣ್ಣಿನ ಕೂದಲಿಗೆ ಕಬ್ಬಿಣ ತಾಗಿತೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಹೀಗಿರುವಾಗ ಒಡೆದ ತುದಿಯನ್ನು ಕತ್ತರಿಸಲು ಯಾವ ತಾಯಿಗೆ ಧೈರ್ಯ ಬಂದೀತು? ಜಡೆ ಎಂಬುದು ಅಂದದ ಮಾತಷ್ಟೇ ಆಗಿರಲಿಲ್ಲ; ಗಂಡ ಬದುಕಿದ್ದಾನೆ ಎಂಬುದರ ಗುರುತಾಗಿತ್ತು.

ಈ ಪದ್ಧತಿಯ ವಿರುದ್ಧ ಎದ್ದ ದನಿಗಳಲ್ಲಿ ಒಂದು ನಮ್ಮ ನಾಡಿನಲ್ಲೇ ಹುಟ್ಟಿದ್ದು. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದವರು. 1887ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ವಿಧವೆಯರ ಬವಣೆಯನ್ನು ಜಗತ್ತಿಗೆ ತಿಳಿಸಿದರು. 1889ರಲ್ಲಿ ಮುಂಬಯಿಯ ಚೌಪಾಟಿಯ ಬಳಿ ಶಾರದಾ ಸದನವನ್ನು ತೆರೆದು ವಿಧವೆಯರಿಗೆ ಓದು ಕಲಿಸಿದರು. ಅಲ್ಲಿಗೆ ಮೊದಲು ಬಂದ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಆಕೆಯನ್ನು ಮದುವೆಯಾದದ್ದು ಮಹಾರಾಷ್ಟ್ರದ ಸಮಾಜ ಸುಧಾರಣೆಯ ದೊಡ್ಡ ಘಟನೆ.

ಇನ್ನೊಂದು ದನಿ ಕತ್ತಿ ಹಿಡಿಯುವ ಕೈಯಿಂದಲೇ ಬಂತು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಗಿರಣಿ ಕಾರ್ಮಿಕರ ಮುಖಂಡರು. ಅವರ ಮುಂದಾಳುತನದಲ್ಲಿ 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸವನ್ನು ತಾವಿನ್ನು ಮಾಡುವುದಿಲ್ಲ ಎಂದು ನಿಶ್ಚಯಿಸಿದರು. ದಿನದ ಕೂಲಿಯಿಂದ ಬದುಕುವ ಜನ ತಮ್ಮ ಸಂಪಾದನೆಯ ಒಂದು ಭಾಗವನ್ನು ಹೆಣ್ಣಿನ ಮಾನಕ್ಕಾಗಿ ಬಿಟ್ಟುಕೊಟ್ಟ ಈ ಪ್ರಸಂಗ ಶಾಲೆಯ ಪಠ್ಯದಲ್ಲಿ ಇನ್ನೂ ದೊಡ್ಡ ಅಕ್ಷರದಲ್ಲಿ ಬರಬೇಕಾದದ್ದು. ನಾವು ದಿನವೂ ಓಡಾಡುವ ಇದೇ ಊರಿನಲ್ಲಿ ಅದು ನಡೆಯಿತು.

ಕನ್ನಡದಲ್ಲಿ ಈ ನೋವನ್ನು ಮನೆಮನೆಗೆ ಮುಟ್ಟಿಸಿದ್ದು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'. 1976ರಲ್ಲಿ ಬಂದ ಈ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಲನಚಿತ್ರವಾಗಿಸಿದರು. ಆ ಚಿತ್ರ ನೋಡಿ ಮನೆಗೆ ಬಂದು ತಮ್ಮ ಅಜ್ಜಿಯನ್ನೋ ಸೋದರತ್ತೆಯನ್ನೋ ನೆನೆದು ಕಣ್ಣೊರೆಸಿಕೊಂಡವರು ನಮ್ಮಲ್ಲಿ ಅನೇಕರು. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮನೆಯ ಎಲ್ಲ ಹುಡುಗಿಯರ ತಲೆಗೂ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದು ಕೊಡುತ್ತಿದ್ದ ಆ ಹಿರಿಯರಿಗೆ ತಮ್ಮದೇ ಒಂದು ಎಳೆ ಕೂದಲಿರಲಿಲ್ಲ. ಕತ್ತರಿ ಕಂಡರೆ ಅವರು ಏಕೆ ಬೆಚ್ಚುತ್ತಿದ್ದರು ಎಂಬುದು ಈಗ ಅರ್ಥವಾಗುತ್ತದೆ. ಅದು ಮೌಢ್ಯವೆಂದು ನಗುವುದು ಸುಲಭ. ಅವರು ಕಂಡದ್ದನ್ನು ನಾವು ಕಂಡಿಲ್ಲ.

ಆದರೆ ಆ ಪದ್ಧತಿ ಹೋಯಿತು. ಅದರ ನೆರಳಾಗಿ ಉಳಿದ ಭಯವೂ ಹೋಗಬೇಕು. ಎರಡು ಮೂರು ತಿಂಗಳಿಗೊಮ್ಮೆ ಕೂದಲ ತುದಿಯನ್ನು ಅರ್ಧ ಅಂಗುಲದಷ್ಟು ಕತ್ತರಿಸಿದರೆ ಜಡೆ ಗಿಡ್ಡವಾಗುವುದಿಲ್ಲ. ಅಷ್ಟರಲ್ಲಿ ಅದಕ್ಕಿಂತ ಹೆಚ್ಚು ಬೆಳೆದಿರುತ್ತದೆ. ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬುದೂ ಸುಳ್ಳು. ಬೆಳವಣಿಗೆ ಬುಡದ ಕೆಲಸ, ತುದಿಯ ಸುದ್ದಿ ಬುಡಕ್ಕೆ ತಿಳಿಯುವುದಿಲ್ಲ. ಕತ್ತರಿ ಹರಿತವಾಗಿರಬೇಕು. ತರಕಾರಿ ಕಟ್ಟು ಬಿಚ್ಚುವ ಮೊಂಡು ಕತ್ತರಿಯಿಂದ ಕೊಯ್ದರೆ ಹೊಸ ತುದಿಯೂ ಜಜ್ಜಿ ಮತ್ತೆ ಸೀಳುತ್ತದೆ.

ಬಾರದಂತೆ ನೋಡಿಕೊಳ್ಳುವುದು

ಉಳಿದದ್ದು ಮುಂಜಾಗ್ರತೆ. ಇಲ್ಲಿ ಅಜ್ಜಿಯ ಅರ್ಧ, ಮೊಮ್ಮಗಳ ಅರ್ಧ ಸೇರಿದರೆ ಒಂದು ಪೂರ್ತಿ ಕ್ರಮವಾಗುತ್ತದೆ. ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ತೆಂಗಿನೆಣ್ಣೆ ಹಚ್ಚುವುದು ಅಜ್ಜಿಯದು. ಬುಡಕ್ಕಷ್ಟೇ ಅಲ್ಲ, ಎಲ್ಲಕ್ಕಿಂತ ವಯಸ್ಸಾದ ತುದಿಗೂ ಹಚ್ಚಬೇಕು. ತೊಳೆಯುವುದು ಸೀಗೆಯಿಂದಲಾದರೂ ಸರಿ, ಮೃದುವಾದ ಶಾಂಪೂವಿನಿಂದಲಾದರೂ ಸರಿ. ಅದು ಬುಡಕ್ಕೆ, ತಲೆಯ ಚರ್ಮಕ್ಕೆ. ಜಡೆಯನ್ನು ಬಟ್ಟೆ ಒಗೆದಂತೆ ಉಜ್ಜಬೇಕಾಗಿಲ್ಲ. ಶಾಂಪೂವಿನ ಬಳಿಕ ತುದಿಗೆ ಕಂಡೀಷನರ್ ಸವರುವುದು ಮೊಮ್ಮಗಳದು. ಅದು ಎದ್ದ ಹೆಂಚುಗಳನ್ನು ಮಲಗಿಸಿ ಸಿಕ್ಕು ಕಡಿಮೆ ಮಾಡುತ್ತದೆ. ಸೀಗೆ ಒಗ್ಗಿದವರಿಗೆ ದಾಸವಾಳದ ಗೊಂಪಿನ ನುಣುಪೇ ಸಿಕ್ಕು ಬಿಡಿಸಲು ನೆರವಾದೀತು. ನೀರು ಗಡಸಾಗಿರುವ ಕಡೆ ಬಿಲ್ಲೆಯ ಸಾಬೂನನ್ನು ತಲೆಗೆ ಮುಟ್ಟಿಸಬಾರದು.

ಒರೆಸುವಾಗ ಉಜ್ಜದೆ, ಹಳೆಯ ಹತ್ತಿಯ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಬೇಕು. ಹಲ್ಲು ಅಗಲವಾದ ಬಾಚಣಿಗೆಯಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಬೇಕು. ಸ್ನಾನ ಮುಗಿಸಿ ಒದ್ದೆ ಜಡೆ ಹೆಣೆದು ಲೋಕಲ್ ರೈಲಿಗೆ ಓಡುವ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. 2011ರಲ್ಲಿ ದಕ್ಷಿಣ ಕೊರಿಯದ ಸಂಶೋಧಕರು ಕೂದಲು ಒಣಗಿಸುವ ಯಂತ್ರವನ್ನು ಪರೀಕ್ಷಿಸಿದರು. ಹತ್ತಿರ ಹಿಡಿದು ಹೆಚ್ಚು ಶಾಖ ಕೊಟ್ಟಷ್ಟೂ ಹೊರಪದರ ಹೆಚ್ಚು ಕೆಟ್ಟಿತು. ಆದರೆ ಬಹಳ ಹೊತ್ತು ಒದ್ದೆಯಾಗಿಯೇ ಇದ್ದ ಕೂದಲಿನ ಒಳಪದರದ ಬೆಸುಗೆಗೂ ಹಾನಿಯಾಗಿತ್ತು. 15 ಸೆಂಟಿಮೀಟರ್ ದೂರದಲ್ಲಿ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಒಣಗಿಸುವುದು ಮೇಲು ಎಂದು ಅವರು ತಿಳಿಸಿದರು. ಯಂತ್ರ ಪೂರ್ತಿ ಪಾಪಿಯೂ ಅಲ್ಲ, ಒದ್ದೆ ಜಡೆ ಪೂರ್ತಿ ಪುಣ್ಯವಂತನೂ ಅಲ್ಲ. ಸಾಧ್ಯವಾದರೆ ತಲೆಸ್ನಾನವನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ರೈಲಿನ ಬಾಗಿಲ ಗಾಳಿಗೆ, ಸ್ಕೂಟರಿನ ಓಟಕ್ಕೆ ಕೂದಲು ಬಿಚ್ಚಿಬಿಡದೆ ಸಡಿಲವಾಗಿ ಹೆಣೆದುಕೊಳ್ಳಬೇಕು. ರಬ್ಬರ್ ಬ್ಯಾಂಡಿನ ಬದಲು ಬಟ್ಟೆಯ ಪಟ್ಟಿ ಇರಲಿ. ರಾತ್ರಿ ಮಲಗುವಾಗಲೂ ಸಡಿಲ ಜಡೆ ಒಳ್ಳೆಯದು. ಓದುತ್ತ ಕುಳಿತಾಗ ಸೀಳಿದ ಎಳೆಯನ್ನು ಬೆರಳಿನಿಂದ ಎರಡಾಗಿ ಎಳೆಯುವ ಚಟವನ್ನು ಮಕ್ಕಳಿಂದ ಬಿಡಿಸಬೇಕು. ಅದು ಸೀಳನ್ನು ಬುಡದವರೆಗೆ ಕರೆದೊಯ್ಯುತ್ತದೆ.

'ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ' ಎಂದು ನಮ್ಮ ಗಾದೆ. ಕೂದಲು ಉದ್ದವಿರಲಿ, ಗಿಡ್ಡವಿರಲಿ, ಅದು ತಲೆಯ ಒಡತಿಯ ಇಷ್ಟ. ನೂರಮೂವತ್ತು ವರ್ಷಗಳ ಹಿಂದೆ ಈ ಊರಿನಲ್ಲಿ ಕೆಲವರು ತಮ್ಮ ಕತ್ತಿಯನ್ನು ಕೆಳಗಿಟ್ಟದ್ದು, ಆ ಇಷ್ಟ ಅವಳದ್ದಾಗಿರಲಿ ಎಂದೇ. ಮನೆಯ ಹಿರಿಯರಲ್ಲಿ ನಮ್ಮ ಬಿನ್ನಹ ಇಷ್ಟೇ: ಎಣ್ಣೆಯ ಬಟ್ಟಲನ್ನು ಕೈಬಿಡಬೇಡಿ, ಜೊತೆಗೆ ಒಂದು ಹರಿತವಾದ ಕತ್ತರಿಯನ್ನೂ ಇಟ್ಟುಕೊಳ್ಳಿ. ಮಕ್ಕಳಲ್ಲಿ ಬಿನ್ನಹ: ಅಜ್ಜಿ ಎಣ್ಣೆ ಹಚ್ಚಲು ಕರೆದಾಗ ಕಾಲು ಗಂಟೆ ಕುಳಿತುಕೊಳ್ಳಿ. ತುದಿ ಕತ್ತರಿಸಲು ಅವರನ್ನೇ ಕೇಳಿ. ಒಪ್ಪಿದರೆ ಮನೆಯಲ್ಲಿ ಒಂದು ಹಳೆಯ ಭಯ ಕಡಿಮೆಯಾದಂತೆ.